ನೀರು ಕಡಿಮೆಯಾದಾಗ ಮೊದಲು ಫಿಲ್ಟರ್ ಪೈಪ್ ನೋಡಿ

ಬೆಂಗಳೂರಿನ 2024ರ ಬೇಸಿಗೆ ನೆನಪಿದೆ ಅಲ್ವಾ? ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಮತ್ತೆ ಅಂಥ ದಿನ ಬಂದರೆ ಮೊದಲು ನಿಮ್ಮ ಆರ್‌ಒ ಫಿಲ್ಟರ್ ನೋಡಿ. ಒಂದು ಲೀಟರ್ ಕುಡಿಯುವ ನೀರಿಗೆ ಅದು ಸಾಮಾನ್ಯವಾಗಿ ಎರಡು ಮೂರು ಲೀಟರ್ ಸುಮ್ನೆ ಹೊರಗೆ ಬಿಡುತ್ತದೆ, ಆ ಪೈಪನ್ನು ಸಿಂಕಿಗೆ ಬಿಡದೆ ಬಕೆಟ್‌ಗೆ ಇಳಿಸಿದರೆ ನೆಲ ಒರೆಸಲು, ಟಾಯ್ಲೆಟ್‌ಗೆ ಧಾರಾಳವಾಗಿ ಆಗುತ್ತದೆ. ಗಿಡಕ್ಕೆ ಮಾತ್ರ ದಿನಾ ಹಾಕಬೇಡಿ, ಅದರಲ್ಲಿ ಉಪ್ಪಿನಂಶ ಜಾಸ್ತಿ. ಗಿಡಕ್ಕೆ ಅಕ್ಕಿ ತೊಳೆದ ನೀರು ಒಳ್ಳೆಯದು.

ಡ್ರಮ್‌ಗಟ್ಟಲೆ ತುಂಬಿಡುವವರು ದಯವಿಟ್ಟು ಮುಚ್ಚಳ ಹಾಕಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೆಲ್ಲ ಉಜ್ಜಿ ತೊಳೆಯಿರಿ. ಇಲ್ಲವಾದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ಮೇಲಿನ ಮಹಡಿಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಅವರಿಗೂ ಒಂದೆರಡು ಕೊಡ ತಲುಪಿಸಿ.