ತೂಕ ಇಳಿಸುವ ಆಪರೇಷನ್: ಒಪ್ಪುವ ಮುಂಚೆ ನೋಡಬೇಕಾದ್ದು, ಆದಮೇಲೆ ಮಾಡಬೇಕಾದ್ದು

ಆಪರೇಷನ್ ನಡೆಯುವುದು ಒಂದೆರಡು ಗಂಟೆ. ಆಮೇಲೆ ಗಡಿಯಾರ ನೋಡಿಕೊಂಡು ನೀರು ಕುಡಿಯಬೇಕಾದ ಕೆಲವು ವಾರಗಳಿವೆ, ವಿಟಮಿನ್ ಮಾತ್ರೆ ತಪ್ಪಿಸದೆ ನುಂಗಬೇಕಾದ ಉಳಿದ ಆಯುಷ್ಯವಿದೆ. ಹಾಗಾಗಿ ಮಾಡಿಸಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರು ಮೊದಲು ನೋಡಬೇಕಾದ್ದು ಆಮೇಲಿನ ದಿನಚರಿಯನ್ನು. ಅದು ನನ್ನಿಂದ ಆಗುತ್ತದೆ ಅನಿಸಿದರೆ ಮಾತ್ರ ಮುಂದಿನ ಮಾತು.

ಯಾರಿಗೆ ಇದು

ಲೆಕ್ಕ ಶುರುವಾಗುವುದು ಬಿಎಂಐಯಿಂದ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಯೇ ಬಿಎಂಐ. 2022ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅದು 35 ಅಥವಾ ಹೆಚ್ಚಿದ್ದರೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಆಪರೇಷನ್ನಿನ ಸಲಹೆ ಕೊಡಬಹುದು. 30ರಿಂದ 35ರ ನಡುವೆ ಇದ್ದು ಟೈಪ್ 2 ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೂ ಪರಿಗಣಿಸಬಹುದು. ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ 27.5ರಿಂದಲೇ ಯೋಚಿಸಬಹುದು ಎನ್ನುತ್ತದೆ ಅದೇ ಮಾರ್ಗಸೂಚಿ.

ಎಷ್ಟು ಇಳಿಯುತ್ತದೆ? ಒಂದೂವರೆ ವರ್ಷದ ಹೊತ್ತಿಗೆ ಒಟ್ಟು ತೂಕದ ಸುಮಾರು 25ರಿಂದ 30 ಶೇಕಡಾ. 1.65 ಮೀಟರ್ ಎತ್ತರ, 120 ಕೆಜಿ ತೂಕದವರ ಬಿಎಂಐ 44. ಅವರು 84ರಿಂದ 90 ಕೆಜಿಗೆ ಬಂದು ನಿಂತರೆ ಅದು ಒಳ್ಳೆಯ ಫಲಿತಾಂಶ. ಆದರೆ ಬಿಎಂಐ ಆಗಲೂ 31ರಿಂದ 33, ಅಂದರೆ ಕಾಗದದ ಮೇಲೆ ಇನ್ನೂ ಬೊಜ್ಜಿನ ಸಾಲಿನಲ್ಲೇ. ಸಕ್ಕರೆ, ಬಿಪಿ, ಮಂಡಿನೋವು, ನಿದ್ದೆಯಲ್ಲಿ ಉಸಿರುಕಟ್ಟುವುದು ಇವು ತಗ್ಗುವುದೇ ಇಲ್ಲಿನ ನಿಜವಾದ ಲಾಭ. ಸಣಕಲಾಗುವ ಆಸೆಯಿಂದ ಹೋದವರಿಗೆ ಒಳ್ಳೆಯ ಫಲಿತಾಂಶ ಬಂದರೂ ನಿರಾಸೆಯೇ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಔಷಧಗಳ ಬಗ್ಗೆಯೂ ಕೇಳಿ. ಅವುಗಳಿಂದ ಸರಾಸರಿ 15ರಿಂದ 20 ಶೇಕಡಾ ಇಳಿಯುತ್ತದೆ, ಬಿಟ್ಟರೆ ಬಹುಪಾಲು ವಾಪಸು ಬರುತ್ತದೆ. ಬಿಎಂಐ 30ರ ಆಸುಪಾಸಿನಲ್ಲಿದ್ದು ಸಕ್ಕರೆ ಕಾಯಿಲೆ ಇಲ್ಲದವರು ಮೊದಲು ಆ ದಾರಿ ನೋಡುವುದೇ ಜಾಣತನ.

ಗರ್ಭಿಣಿಯರಿಗೆ, ಹತೋಟಿಗೆ ಬಾರದ ಕುಡಿತ ಅಥವಾ ಮಾದಕ ಚಟ ಇರುವವರಿಗೆ, ಚಿಕಿತ್ಸೆ ಪಡೆಯದ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಸದ್ಯಕ್ಕೆ ಇದು ಬೇಡ. ಬೇಸರವಾದಾಗಲೆಲ್ಲ ತಿನ್ನುವವರು, ರಾತ್ರಿ ಎದ್ದು ತಿನ್ನುವವರು ಅದನ್ನು ಮನಶ್ಶಾಸ್ತ್ರಜ್ಞರ ಮುಂದೆ ಮುಚ್ಚಿಡಬಾರದು. ಕತ್ತರಿ ಬೀಳುವುದು ಜಠರಕ್ಕೆ, ಆ ಅಭ್ಯಾಸಕ್ಕಲ್ಲ.

ಸ್ಲೀವೋ ಬೈಪಾಸೋ

ಹೆಚ್ಚಾಗಿ ಮಾಡುವುದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿ ಆಕಾರದ ಕೊಳವೆಯಷ್ಟನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಆ ಮೇಲ್ಭಾಗದಲ್ಲೇ. ಆದ್ದರಿಂದ ಜಾಗ ಮಾತ್ರವಲ್ಲ, ಹಸಿವೂ ತಗ್ಗುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು.

ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯ ಮೇಲೆ ಇದರ ಹಿಡಿತ ಹೆಚ್ಚು. ಅದರ ಜೊತೆಗೆ ಕಬ್ಬಿಣಾಂಶ, ಬಿ12 ಕೊರತೆಯ ಅಪಾಯವೂ ಹೆಚ್ಚು.

ಆಯ್ಕೆಯಲ್ಲಿ ಒಂದು ಪ್ರಶ್ನೆ ಉಳಿದವನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ: ನಿಮಗೆ ಎದೆಯುರಿ, ಹುಳಿತೇಗು ಇದೆಯೇ? ಸ್ಲೀವ್ ಆದ ಮೇಲೆ ಕೊಳವೆಯೊಳಗಿನ ಒತ್ತಡ ಏರಿ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಇರುವ ಉರಿ ಹೆಚ್ಚಬಹುದು, ಇಲ್ಲದವರಿಗೂ ಬರಬಹುದು. ಬೈಪಾಸ್‌ನಲ್ಲಿ ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ತೀವ್ರ ಎದೆಯುರಿ ಇರುವವರಿಗೆ ಎಂಡೋಸ್ಕೋಪಿಯನ್ನೂ ಮಾಡದೆ ಸ್ಲೀವ್ ಎಂದುಬಿಡುವ ಸರ್ಜನ್ ಸಿಕ್ಕರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಇತ್ತ, ಕೀಲುನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ಬಿಟ್ಟು ಬದುಕಲಾಗದವರಿಗೂ ಧೂಮಪಾನ ಬಿಡಲಾಗದವರಿಗೂ ಬೈಪಾಸ್ ಅಪಾಯಕಾರಿ. ಕರುಳು ಜೋಡಿಸಿದ ಜಾಗದಲ್ಲೇ ಹುಣ್ಣಾಗುತ್ತದೆ.

ಸರ್ಜನ್ ಹತ್ತಿರ ಕೇಳಬೇಕಾದ್ದು: ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ, ಹೊಲಿಗೆ ಸೋರಿದ್ದು ಎಷ್ಟು ಮಂದಿಗೆ, ರಾತ್ರಿ ಎರಡು ಗಂಟೆಗೆ ವಾಂತಿ ಶುರುವಾದರೆ ಫೋನ್ ಎತ್ತುವವರು ಯಾರು, ಐದು ವರ್ಷದ ನಂತರವೂ ಆಹಾರತಜ್ಞರು ಸಿಗುತ್ತಾರೆಯೇ. ಕೊನೆಯ ಎರಡಕ್ಕೆ ತಡವರಿಸಿದರೆ ಆ ಜಾಗ ಬೇಡ.

ಆಪರೇಷನ್ನಿಗೆ ಮುಂಚಿನ ವಾರಗಳು

ಆಪರೇಷನ್ನಿಗೆ ಕನಿಷ್ಠ ಆರು ವಾರ ಮುಂಚೆಯೇ ಸಿಗರೇಟು ಬಿಟ್ಟಿರಬೇಕು. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶ, ಬಿ12, ವಿಟಮಿನ್ ಡಿ ಕಡಿಮೆ ಬಂದರೆ ಈಗಲೇ ತುಂಬಿಸಿಕೊಳ್ಳಿ, ಆಮೇಲೆ ಅದು ಕಷ್ಟ. ಜೋರಾಗಿ ಗೊರಕೆ ಹೊಡೆಯುವವರು ನಿದ್ದೆಯ ಪರೀಕ್ಷೆ ಮಾಡಿಸಿ. ನಿದ್ದೆಯಲ್ಲಿ ಉಸಿರುಕಟ್ಟದಂತೆ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಕೊಟ್ಟರೆ ಆಸ್ಪತ್ರೆಗೂ ಒಯ್ಯಿರಿ.

ಕೊನೆಯ ಎರಡು ವಾರ ಹಲವು ಕಡೆ ಕಟ್ಟುನಿಟ್ಟಿನ ಪಥ್ಯ: ದಿನಕ್ಕೆ 800ರಿಂದ 1,000 ಕ್ಯಾಲೊರಿ, ಪ್ರೋಟೀನ್ ಹೆಚ್ಚು, ಹಿಟ್ಟು ಸಕ್ಕರೆ ಕಡಿಮೆ. ಇದು ತೂಕ ಇಳಿಸಲಿಕ್ಕಲ್ಲ. ಯಕೃತ್ತಿನ ಎಡಭಾಗ ಜಠರದ ಮೇಲೆ ಮುಚ್ಚಳದ ಹಾಗೆ ಕೂತಿರುತ್ತದೆ. ಕೊಬ್ಬು ತುಂಬಿ ಊದಿದ್ದರೆ ಅದನ್ನು ಎತ್ತಿ ಹಿಡಿಯುವುದೇ ಸರ್ಜನ್‌ಗೆ ಕಷ್ಟ, ಎತ್ತುವಾಗ ಹರಿದು ರಕ್ತ ಸುರಿಯುವುದೂ ಉಂಟು. ಎರಡು ವಾರದ ಪಥ್ಯದಲ್ಲಿ ಅದು ಕುಗ್ಗಿ ಮೆತ್ತಗಾಗುತ್ತದೆ. ‘ಇನ್ನು ತಿನ್ನಲಾಗದಲ್ಲ’ ಎಂದು ಹಿಂದಿನ ದಿನಗಳಲ್ಲಿ ಹೊಟ್ಟೆ ಬಿರಿಯೆ ಉಂಡರೆ ಈ ಲಾಭವೆಲ್ಲ ಮಣ್ಣುಪಾಲು.

ಪಥ್ಯ ಶುರುವಾದ ದಿನದಿಂದಲೇ ಇನ್ಸುಲಿನ್, ಸಕ್ಕರೆ ಮಾತ್ರೆಗಳ ಪ್ರಮಾಣ ಇಳಿಸಬೇಕಾಗಬಹುದು. ಎಷ್ಟು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳನ್ನು ಮೂರ್ನಾಲ್ಕು ದಿನ ಮುಂಚೆಯೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಸಕ್ಕರೆ ಅಂಕಿ ಸರಿಯಿದ್ದಂತೆ ಕಂಡರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ತೂಕದ ಇಂಜೆಕ್ಷನ್, ರಕ್ತ ತೆಳುಮಾಡುವ ಮಾತ್ರೆ, ಗರ್ಭನಿರೋಧಕ ಮಾತ್ರೆ ಯಾವುದಿದ್ದರೂ ಅರಿವಳಿಕೆ ತಜ್ಞರಿಗೆ ಹೆಸರು ಸಮೇತ ಹೇಳಿ.

ಆಸ್ಪತ್ರೆಯಲ್ಲಿ

ಹೊಟ್ಟೆಗೆ ಐದಾರು ಸಣ್ಣ ತೂತು, ಒಂದರಿಂದ ಮೂರು ರಾತ್ರಿ ವಾಸ. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸಿನಿಂದ ಒಂದೆರಡು ದಿನ ಭುಜ ನೋಯುತ್ತದೆ. ಎದ್ದು ಓಡಾಡಿದಷ್ಟೂ ಬೇಗ ಹೋಗುತ್ತದೆ. ಅದೇ ಸಂಜೆ ನಡೆಸುವುದಕ್ಕೆ ದೊಡ್ಡ ಕಾರಣ ಮಾತ್ರ ಬೇರೆ: ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಸಂಚಕಾರ. ಹೆಪಾರಿನ್ ಥರದ ಇಂಜೆಕ್ಷನ್ನನ್ನು ಮನೆಯಲ್ಲೂ ಮುಂದುವರಿಸಲು ಹೇಳಿದರೆ ಒಂದು ದಿನವೂ ಬಿಡಬೇಡಿ.

ನೀರಿನ ಲೆಕ್ಕ

ಮನೆಗೆ ಬಂದವರು ಬೇಗನೆ ಆಸ್ಪತ್ರೆಗೆ ವಾಪಸಾಗುವುದಕ್ಕೆ ದೊಡ್ಡ ಕಾರಣಗಳಲ್ಲೊಂದು ನೀರು ಸಾಲದೆ ಹೋಗುವುದು. ಹೊಟ್ಟೆ ಊದಿಕೊಂಡಿರುತ್ತದೆ, ಒಂದು ಲೋಟ ಒಟ್ಟಿಗೆ ಇಳಿಯುವುದಿಲ್ಲ, ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಔಷಧದ ಬಾಟಲಿಯ ಜೊತೆ ಬರುವ 30 ಮಿ.ಲೀ. ಅಳತೆಯ ಪುಟ್ಟ ಬಟ್ಟಲು ಇಟ್ಟುಕೊಳ್ಳಿ. ಕಾಲು ಗಂಟೆಗೆ ಒಂದು ಬಟ್ಟಲು, ಅದೂ ನಾಲ್ಕೈದು ಗುಟುಕಾಗಿ. ಗಂಟೆಗೆ 120 ಮಿ.ಲೀ. ಆಯಿತು. ಎಚ್ಚರವಿರುವ 14 ಗಂಟೆಯಲ್ಲಿ 1,680. ಗುರಿ ಒಂದೂವರೆಯಿಂದ ಎರಡು ಲೀಟರ್, ಮುಟ್ಟಿದ ಹಾಗಾಯಿತು. ಮಧ್ಯಾಹ್ನ ಎರಡು ಗಂಟೆ ಮಲಗಿ ಎದ್ದರೆ 240 ಮಿ.ಲೀ. ಸಾಲ ಬಿತ್ತು. ಅದನ್ನು ಗಟಗಟ ಕುಡಿದು ತೀರಿಸಲಾಗದು, ರಾತ್ರಿಯವರೆಗೆ ಹಂಚಬೇಕು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುವುದು ನಗೆಪಾಟಲೇನಲ್ಲ. ಮೂತ್ರ ಗಾಢ ಹಳದಿಯಾಗಿ, ಎದ್ದಾಗ ತಲೆ ತಿರುಗಿದರೆ ನೀವು ಹಿಂದೆ ಬಿದ್ದಿದ್ದೀರಿ. ಗ್ಯಾಸಿರುವ ಪಾನೀಯವೂ ಸ್ಟ್ರಾ ಹಾಕಿ ಹೀರುವುದೂ ಬೇಡ.

ಊಟದ ಮೆಟ್ಟಿಲುಗಳು

ನಿಮ್ಮ ಆಸ್ಪತ್ರೆಯ ಪಟ್ಟಿಯಲ್ಲಿ ದಿನಗಳು ಹಿಂದುಮುಂದಾಗಬಹುದು, ಕ್ರಮ ಮಾತ್ರ ಇದೇ. ಮೊದಲ ಒಂದೆರಡು ದಿನ ತಿಳಿ ದ್ರವ. ಎರಡನೆಯ ವಾರ ಮುಗಿಯುವವರೆಗೆ ಹಾಲು, ಪ್ರೋಟೀನ್ ಪುಡಿ ಕಲಸಿದ ಪಾನೀಯ, ಸೋಸಿದ ಸೂಪು. ಮೂರು, ನಾಲ್ಕನೆಯ ವಾರ ಗಂಟಿಲ್ಲದಂತೆ ಅರೆದದ್ದು. ಐದು, ಆರನೆಯ ವಾರ ಚಮಚದಲ್ಲಿ ಒತ್ತಿದರೆ ಮುದ್ದೆಯಾಗುವ ಮೆತ್ತನೆಯ ಊಟ. ಅದಾದ ಮೇಲೆ ನಿಧಾನಕ್ಕೆ ಮಾಮೂಲಿ ಆಹಾರ. ಚೆನ್ನಾಗಿದ್ದೇನೆ ಅನಿಸಿತು ಎಂದು ಮೆಟ್ಟಿಲು ಹಾರಬೇಡಿ. ಒಳಗಿನ ಹೊಲಿಗೆ ಒಣಗಿದೆಯೋ ಇಲ್ಲವೋ ನಿಮ್ಮ ಹುರುಪಿಗೆ ಗೊತ್ತಿರುವುದಿಲ್ಲ.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ತಟ್ಟೆಯಲ್ಲಿ ಮೊದಲು ಅದನ್ನೇ ತಿನ್ನಿ, ಜಾಗ ಉಳಿದರೆ ತರಕಾರಿ, ಆಮೇಲೆ ಅನ್ನವೋ ಬ್ರೆಡ್ಡೋ. ಒಂದು ತುತ್ತು ಉಗುರಿನಷ್ಟು, ಅಗಿಯುವುದು ಇಪ್ಪತ್ತಕ್ಕೂ ಹೆಚ್ಚು ಸಲ, ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಊಟದ ಜೊತೆ ನೀರು ಬೇಡ, ಮುಗಿದ ಅರ್ಧ ಗಂಟೆಯ ಮೇಲೆ ಕುಡಿಯಿರಿ. ಹೊಟ್ಟೆ ತುಂಬಿದ್ದನ್ನು ಹೊಸ ಹೊಟ್ಟೆ ಬೇರೆ ಭಾಷೆಯಲ್ಲಿ ಹೇಳುತ್ತದೆ: ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಕೆಲವರಿಗೆ ಎದೆಮೂಳೆಯ ಹಿಂದೆ ಬಿಗಿತ. ಅಲ್ಲಿಗೇ ಚಮಚ ಕೆಳಗಿಡಿ. ಇನ್ನೊಂದೇ ತುತ್ತು ಎಂದು ಹಾಕಿಕೊಂಡದ್ದು ಸಿಕ್ಕಿಕೊಂಡು, ಬಾಯ್ತುಂಬ ನೊರೆಯಂಥ ಜೊಲ್ಲು ಬಂದು, ಕಕ್ಕಿಕೊಂಡ ಮೇಲೆಯೇ ನಿರಾಳ. ಒಣಗಿದ ಮಾಂಸ, ಮೆತ್ತನೆಯ ಹೊಸ ಬ್ರೆಡ್ಡು, ಅಂಟಂಟು ಅನ್ನ ಹೀಗೆ ಸಿಕ್ಕಿಕೊಳ್ಳುವುದರಲ್ಲಿ ಮುಂದು.

ಬೈಪಾಸ್ ಆದವರು ಸಿಹಿ ತಿಂದ 10ರಿಂದ 30 ನಿಮಿಷದಲ್ಲಿ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ನುಲಿದು ಭೇದಿಯಾದರೆ ಅದು ಡಂಪಿಂಗ್. ಸಕ್ಕರೆ ಒಮ್ಮೆಗೇ ಕರುಳಿಗೆ ಬಿದ್ದು ನೀರನ್ನು ಎಳೆದುಕೊಂಡ ಪರಿಣಾಮ. ಒಂದರಿಂದ ಮೂರು ಗಂಟೆ ಬಿಟ್ಟು ಕೈ ನಡುಗಿ ಕಣ್ಣು ಕತ್ತಲಾದರೆ ಅದು ರಕ್ತದ ಸಕ್ಕರೆ ಕುಸಿದದ್ದು. ಪದೇಪದೇ ಆದರೆ ವೈದ್ಯರಿಗೆ ತೋರಿಸಿ.

ತಡಮಾಡಬಾರದ ಲಕ್ಷಣಗಳು

ನಾಡಿಬಡಿತ 120 ದಾಟಿ ಇಳಿಯದಿರುವುದು, ಜ್ವರ, ಏರುತ್ತಲೇ ಹೋಗುವ ಹೊಟ್ಟೆನೋವು, ಹೊಸದಾಗಿ ಶುರುವಾದ ಎಡಭುಜದ ನೋವು, ಉಸಿರಾಡಲು ಕಷ್ಟ, ಒಂದೇ ಕಾಲು ಊದುವುದು, ಕಪ್ಪು ಮಲ, ನೀರೂ ನಿಲ್ಲದ ವಾಂತಿ. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಹೊಲಿಗೆ ಸೋರುವಾಗ ಜ್ವರಕ್ಕಿಂತ ಮೊದಲು ನಾಡಿ ಏರುವುದು ಸಾಮಾನ್ಯ. ಬೈಪಾಸ್ ಆಗಿ ವರ್ಷಗಳಾದ ಮೇಲೂ ಹೊಟ್ಟೆ ಹಿಂಡಿ ಹಿಂಡಿ ನೋಯತೊಡಗಿದರೆ ಒಳಗೆ ಕರುಳು ಸಿಕ್ಕಿಕೊಂಡಿರಬಹುದು. ಯಾವ ಆಸ್ಪತ್ರೆಗೆ ಹೋದರೂ ಬಾಗಿಲಲ್ಲೇ ‘ನನಗೆ ಬೈಪಾಸ್ ಆಗಿದೆ, ಹೊಟ್ಟೆಯದು’ ಎಂದು ಹೇಳಿ. ಇಲ್ಲದಿದ್ದರೆ ಹೃದಯದ್ದು ಎಂದುಕೊಳ್ಳುತ್ತಾರೆ.

ಮಾತ್ರೆಗಳು

ದಿನಾ ಮಲ್ಟಿವಿಟಮಿನ್. ಬಿ12 ಬಾಯಿಂದ ದಿನಕ್ಕೆ 350ರಿಂದ 1,000 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೊಂದು 1,000ದ ಇಂಜೆಕ್ಷನ್. ಕ್ಯಾಲ್ಸಿಯಂ ದಿನಕ್ಕೆ 1,200ರಿಂದ 1,500 ಮಿ.ಗ್ರಾಂ, ಸಿಟ್ರೇಟ್ ರೂಪದ್ದು. ಕಾರ್ಬೊನೇಟ್ ಕರಗಲು ಬೇಕಾದಷ್ಟು ಆಮ್ಲ ಈಗ ಹೊಟ್ಟೆಯಲ್ಲಿಲ್ಲ. ಒಂದು ಸಲಕ್ಕೆ 500-600ಕ್ಕಿಂತ ಹೆಚ್ಚು ಹೀರಿಕೊಳ್ಳುವುದಿಲ್ಲವಾದ್ದರಿಂದ ಎರಡು ಮೂರು ಸಲ ಹಂಚಿ. ಮುಟ್ಟಾಗುವ ಹೆಂಗಸರಿಗೂ ಬೈಪಾಸ್ ಆದವರಿಗೂ ಕಬ್ಬಿಣಾಂಶ 45ರಿಂದ 60 ಮಿ.ಗ್ರಾಂ. ಇದಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಒಂದು ಇನ್ನೊಂದನ್ನು ತಡೆಯುತ್ತದೆ. ವಿಟಮಿನ್ ಡಿ ರಕ್ತದ ಅಂಕಿ ನೋಡಿಕೊಂಡು.

ವಾಂತಿ ದಿನಗಟ್ಟಲೆ ನಡೆದರೆ ಬಿ1, ಅಂದರೆ ಥಯಮಿನ್, ಖಾಲಿಯಾಗುತ್ತದೆ. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ. ಕಣ್ಣು ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಗೊಂದಲ ಇದರ ಗುರುತು, ತಡವಾದರೆ ಮಿದುಳಿನ ಹಾನಿ ಉಳಿದೇಬಿಡುತ್ತದೆ. ಇಂಥ ಸ್ಥಿತಿಯಲ್ಲಿ ಗ್ಲೂಕೋಸ್ ಬಾಟಲಿ ಹಾಕುವ ಮುಂಚೆ ಥಯಮಿನ್ ಕೊಡಬೇಕು. ಜೊತೆಯಲ್ಲಿರುವವರು ಇದನ್ನು ಬಾಯಿಬಿಟ್ಟು ಕೇಳಲಿ.

ನಿಧಾನವಾಗಿ ಕರಗುವ ಮಾತ್ರೆಗಳು ಹೊಸ ಹಾದಿಯಲ್ಲಿ ಕರಗುವಷ್ಟರಲ್ಲಿ ಮುಂದೆ ಹೋಗಿರಬಹುದು, ಬದಲಿ ಕೇಳಿ. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನೂ ನಂಬುವಂತಿಲ್ಲ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ 12ರಿಂದ 18 ತಿಂಗಳು ಬಸಿರು ಬೇಡ. ಹಾಗಾಗಿ ಕಾಪರ್-ಟಿಯಂಥ ಬೇರೆ ಉಪಾಯ ಮುಂಚೆಯೇ ಮಾಡಿಕೊಳ್ಳಿ.

ಮುಂದಿನ ತಿಂಗಳುಗಳು

ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರದಲ್ಲಿ ಮರಳಬಹುದು. ನಾಲ್ಕರಿಂದ ಆರು ವಾರ ಐದು ಕೆಜಿಗಿಂತ ಹೆಚ್ಚು ಎತ್ತಬೇಡಿ. ಮೂರನೆಯ ವಾರದ ಸುಮಾರಿಗೆ ತಕ್ಕಡಿ ನಿಂತುಬಿಡುವುದು ಮಾಮೂಲು, ಮೊದಲು ಕರಗಿದ್ದರಲ್ಲಿ ನೀರೂ ಇತ್ತು. ಮೂರರಿಂದ ಆರನೆಯ ತಿಂಗಳಲ್ಲಿ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ, ಪ್ರೋಟೀನ್, ಕಬ್ಬಿಣಾಂಶ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ. ಬೇಗ ತೂಕ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದು ಹೆಚ್ಚು. ತಡೆಯಲು ಆರು ತಿಂಗಳು ಮಾತ್ರೆ ಕೊಡುವುದುಂಟು. ಮದ್ಯ ಮೊದಲಿಗಿಂತ ಬೇಗ, ಜೋರಾಗಿ ಏರುತ್ತದೆ. ಊಟದ ಚಟ ಕುಡಿತಕ್ಕೆ ತಿರುಗಿದವರೂ ಇದ್ದಾರೆ.

ಎರಡು ವರ್ಷದ ಮೇಲೆ ಒಂದಷ್ಟು ತೂಕ ಮರಳುವುದು ಸಹಜ. ಜಾಸ್ತಿ ಮರಳಿದರೆ ಹೊಟ್ಟೆ ಹಿಗ್ಗಿತು ಎಂದುಕೊಳ್ಳುವ ಮುಂಚೆ ನಡುನಡುವೆ ಏನು ಬಾಯಿಗೆ ಹೋಗುತ್ತಿದೆ ಎಂದು ಒಂದು ವಾರ ಬರೆದಿಡಿ. ಐಸ್‌ಕ್ರೀಂ, ಚಾಕಲೇಟು, ಸಿಹಿ ಪಾನೀಯಗಳಿಗೆ ಎಷ್ಟು ಚಿಕ್ಕ ಹೊಟ್ಟೆಯೂ ಅಡ್ಡಬರುವುದಿಲ್ಲ.

ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಜನ ಕೈಬಿಡುವುದು ಸಾಮಾನ್ಯವಾಗಿ ಎರಡನೆಯ ವರ್ಷ, ಎಲ್ಲ ಚೆನ್ನಾಗಿರುವಾಗ. ಯಕೃತ್ತಿನಲ್ಲಿ ಬಿ12 ದಾಸ್ತಾನು ಕೆಲವು ವರ್ಷ ಬಾಳುತ್ತದೆ, ಆದ್ದರಿಂದ ಮಾತ್ರೆ ನಿಲ್ಲಿಸಿದರೂ ತಕ್ಷಣ ಏನೂ ಆಗುವುದಿಲ್ಲ. ಮೂರು ನಾಲ್ಕು ವರ್ಷ ಕಳೆದ ಮೇಲೆ ಪಾದ ಜುಮುಗುಡತೊಡಗುತ್ತದೆ, ಚಪ್ಪಲಿ ಜಾರಿದ್ದು ಗೊತ್ತಾಗುವುದಿಲ್ಲ. ಆಪರೇಷನ್ ಮಾಡಿಸಿಕೊಂಡದ್ದಕ್ಕೂ ಇದಕ್ಕೂ ನಂಟಿದೆ ಎಂದು ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ.