ಫಿಲಿಪ್ಪಿಯವರಿಗೆ ಬರೆದ ಪತ್ರ ನಮ್ಮ ಸಭೆಯಲ್ಲಿ ಮಾಡಿದ ಕೆಲಸ

ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ದೂರದಲ್ಲಿ ಸುವಾರ್ತೆ ಸಾರುವವರಿಗೆ ಕೊಡುವ ಮಿಷನ್ ಕಾಣಿಕೆ ವರ್ಷಕ್ಕೊಂದು ಭಾನುವಾರದ ವಿಷಯವಾಗಿತ್ತು. ಆ ದಿನ ಹೊರಗಿನಿಂದ ಒಬ್ಬ ಸೇವಕರು ಬರುತ್ತಿದ್ದರು. ಫೋಟೊ ತೋರಿಸಿ ಸಾಕ್ಷಿ ಹೇಳುತ್ತಿದ್ದರು. ಎಲ್ಲರ ಮನಸ್ಸೂ ಕರಗುತ್ತಿತ್ತು. ವಿಶೇಷ ಕಾಣಿಕೆ ಎತ್ತಿ ಕೊಟ್ಟು ಕಳಿಸುತ್ತಿದ್ದೆವು. ಈಗ ನಮ್ಮ ಸಭೆ ಕೆಲವೇ ಮಿಷನರಿ ಕುಟುಂಬಗಳ ಜೊತೆ ವರ್ಷಪೂರ್ತಿ ನಡೆಯುತ್ತದೆ. ಅವರ ಮಕ್ಕಳ ಹೆಸರು ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಗೊತ್ತು. ಮಿಷನ್ ಸಮಿತಿಯ ಜವಾಬ್ದಾರಿ ನನ್ನ ಮೇಲಿದೆ. ಹಾಗಾಗಿ ಇದೆಲ್ಲ ಹೇಗಾಯಿತು ಅಂತ ಬೇರೆ ಸಭೆಯವರು ನನ್ನನ್ನು ಕೇಳುತ್ತಾರೆ. ಹಣ ಕೂಡಿಸಲು ಏನು ಮಾಡಿದಿರಿ ಎನ್ನುವುದೇ ಅವರ ಮೊದಲ ಪ್ರಶ್ನೆ. ನಾವು ಮೊದಲು ಮಾಡಿದ್ದು ಸತ್ಯವೇದವನ್ನು (ಬೈಬಲನ್ನು) ಒಟ್ಟಿಗೆ ಕೂತು, ಗಟ್ಟಿಯಾಗಿ, ಒಂದು ಸಾರಿಗೆ ಅದರ ಒಂದು ಇಡೀ ಪುಸ್ತಕವಾಗಿ ಓದಿದ್ದು.

ಭಾನುವಾರದ ಆರಾಧನೆಯಲ್ಲಿ ನಾವು ಕೇಳುವುದು ಸಾಮಾನ್ಯವಾಗಿ ಕೆಲವು ವಚನಗಳು. ಅದರ ಮೇಲೆ ಪ್ರಸಂಗ. ಅದು ಬೇಕು, ಅದರಿಂದ ನಾನು ಬೆಳೆದಿದ್ದೇನೆ. ಆದರೆ ಅಪೊಸ್ತಲ ಪೌಲನು ಮೊದಲ ಸಭೆಗಳಿಗೆ ಬರೆದದ್ದು ಪತ್ರ ಅಲ್ವಾ? ಮನೆಗೆ ಬಂದ ಪತ್ರವನ್ನು ಯಾರೂ ಈ ವಾರ ಮೂರು ಸಾಲು, ಮುಂದಿನ ವಾರ ನಾಲ್ಕು ಸಾಲು ಅಂತ ಓದುವುದಿಲ್ಲ. ಅಧ್ಯಾಯಗಳ ಈಗಿನ ವಿಂಗಡಣೆ ಬಂದದ್ದೇ 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆಗಳು ಸೇರಿದ್ದು 1551ರಲ್ಲಿ. ಮೊದಲು ಕೇಳಿದವರಿಗೆ ಈ ಗೆರೆಗಳು ಯಾವುವೂ ಇರಲಿಲ್ಲ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ, ಇದನ್ನು ಸಹೋದರರೆಲ್ಲರಿಗೂ ಓದಿ ಹೇಳಬೇಕು ಎಂದು ಪೌಲನು ಆಣೆಯಿಟ್ಟು ಹೇಳುತ್ತಾನೆ. ಕೊಲೊಸ್ಸೆಯವರಿಗೆ ಹೇಳುವುದೂ ಅದೇ: ನೀವು ಓದಿದ ಮೇಲೆ ಲವೊದಿಕೀಯದ ಸಭೆಯಲ್ಲೂ ಓದಿಸಿ, ಅಲ್ಲಿಂದ ಬರುವ ಪತ್ರವನ್ನು ನೀವೂ ಓದಿ. ಸಭೆ ಕೂಡಿ ಬಂದಾಗ ಪತ್ರ ಓದುವುದು ಹೊಸ ಪದ್ಧತಿ ಏನಲ್ಲ.

ನಮ್ಮ ಪಾಸ್ಟರ್ ಹತ್ತಿರ ಹೋಗಿ, 'ಅಯ್ಯನವರೇ, ವಾರದ ಮಧ್ಯದ ಪ್ರಾರ್ಥನೆ ಕೂಟದಲ್ಲಿ ಪ್ರಸಂಗದ ಬದಲು ಸುಮ್ನೆ ಒಂದು ಪುಸ್ತಕ ಪೂರ್ತಿ ಓದೋಣ' ಎಂದು ಕೇಳಿದೆ. ಅವರು ಒಪ್ಪಿದರು. ಒಂದೇ ಷರತ್ತು ಹಾಕಿದರು: ಓದುವವರು ಮನೆಯಲ್ಲಿ ಓದಿ ಅಭ್ಯಾಸ ಮಾಡಿಕೊಂಡು ಬರಬೇಕು. ಆ ಷರತ್ತಿನಿಂದ ತುಂಬಾ ಒಳ್ಳೆಯದಾಯಿತು.

ಶುರು ಮಾಡಿದ್ದು ಫಿಲಿಪ್ಪಿಯವರಿಗೆ, ಅಂದರೆ ಮಕೆದೋನ್ಯದ ಫಿಲಿಪ್ಪಿ ಪಟ್ಟಣದ ಸಭೆಗೆ, ಪೌಲನು ಬರೆದ ಪತ್ರದಿಂದ. ನಾಲ್ಕು ಅಧ್ಯಾಯ, 104 ವಚನ. ನಿಧಾನವಾಗಿ ಓದಿದರೂ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಬೇರೆ ಬೇರೆ ವಯಸ್ಸಿನ ಇಬ್ಬರು ಮೂವರಿಗೆ ಹಂಚಿದೆವು. ಕೇಳುವವರು ತಮ್ಮ ಸತ್ಯವೇದವನ್ನು ಮುಚ್ಚಿಟ್ಟುಕೊಂಡು ಕೇಳಬೇಕು ಎಂದು ಹೇಳಿದೆವು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅನುವಾದ ಇರುತ್ತದೆ. ಕಣ್ಣು ಅಲ್ಲಿ, ಕಿವಿ ಇಲ್ಲಿ ಆದರೆ ಪತ್ರ ಕೈತಪ್ಪುತ್ತದೆ. ಮಧ್ಯದಲ್ಲಿ ವಿವರಣೆ ಇಲ್ಲ, ಹಾಡಿಲ್ಲ. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ ಸಣ್ಣ ಗುಂಪುಗಳಾಗಿ ಕೂತು ಮೂರು ಪ್ರಶ್ನೆ: ಏನು ಕೇಳಿದಿರಿ? ದೇವರ ಬಗ್ಗೆ ಏನು ತಿಳಿಯಿತು? ನಾವು ಏನು ಮಾಡಬೇಕು?

ಇದರಿಂದ ಕಣ್ಣು ಮಂಜಾದ ಹಿರಿಯರಿಗೆ, ಓದು ಬಾರದವರಿಗೆ ಬಾಯಿ ಬಂತು. ಎಷ್ಟೋ ವರ್ಷ ಸುಮ್ಮನೆ ಕೂತು ಹೋಗುತ್ತಿದ್ದವರು ಮಾತಾಡಿದರು. ಓದು ಬಲ್ಲವರು ತಮಗೆ ಗೊತ್ತಿರುವ ಪ್ರಸಂಗವನ್ನೇ ನೆನೆಸಿಕೊಳ್ಳುತ್ತಾರೆ. ಇವರು ಆಗ ತಾನೇ ಕೇಳಿದ್ದನ್ನು ಹೇಳುತ್ತಾರೆ. ಒಬ್ಬ ಅಜ್ಜಿ ಮೊದಲ ವಾರವೇ ಹೇಳಿದರು: 'ಇದು ಮಿಷನರಿ ತನಗೆ ಹಣ ಕಳಿಸಿದ ಸಭೆಗೆ ಬರೆದ ಪತ್ರ ಅಲ್ವೇನಪ್ಪಾ?'

ನಿಜ, ಅದೇ. ಆದರೆ ನಮ್ಮಲ್ಲಿ ಯಾರೂ ಅದನ್ನು ಹಾಗೆ ಕೇಳಿರಲಿಲ್ಲ. ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ 4:13 (4ನೇ ಅಧ್ಯಾಯ, 13ನೇ ವಚನ) ನಮಗೆಲ್ಲ ಬಾಯಿಪಾಠ. ದೇವರು ನಿಮ್ಮ ಪ್ರತಿ ಕೊರತೆಯನ್ನೂ ನೀಗಿಸುವನು ಎನ್ನುವ 4:19 ಕೂಡ. ಈ ಎರಡರ ಮಧ್ಯೆ ಇರುವುದೇನು? ನೀವು ಕಳಿಸಿದ್ದು ನಿಮ್ಮವನಾದ ಎಪಫ್ರೊದೀತನ ಕೈಯಿಂದ ತಲುಪಿತು ಎಂಬ ಸುದ್ದಿ. ನಾನು ಮಕೆದೋನ್ಯದಿಂದ ಹೊರಟಾಗ ಕೊಡುವ, ಕೊಳ್ಳುವ ವಿಷಯದಲ್ಲಿ ನಿಮ್ಮ ಹೊರತು ಬೇರೆ ಯಾವ ಸಭೆಯೂ ಪಾಲುಗೊಳ್ಳಲಿಲ್ಲ ಎಂಬ ನೆನಪು. ಥೆಸಲೋನಿಕದಲ್ಲಿ ಇದ್ದಾಗಲೂ ಒಂದಕ್ಕಿಂತ ಹೆಚ್ಚು ಸಾರಿ ಕಳಿಸಿದಿರಿ ಎಂಬ ಮಾತು. ನಾವು ಅಷ್ಟೊಂದು ಪ್ರೀತಿಸುವ ಆ ಎರಡು ವಚನಗಳು ಮಿಷನ್ ಕಾಣಿಕೆ ತಲುಪಿದ್ದಕ್ಕೆ ಬರೆದ ವಂದನೆಯ ಒಳಗೇ ಇವೆ. ಅದು ನನ್ನನ್ನು ತುಂಬಾ ತಟ್ಟಿತು.

ಆಮೇಲೆ ಮೊದಲ ಸಭೆಗಳ ಕಥೆ ಹೇಳುವ ಅಪೊಸ್ತಲರ ಕೃತ್ಯಗಳ ಪುಸ್ತಕವನ್ನು ಇಡಿಯಾಗಿ ಓದಿದೆವು. ಅದು 28 ಅಧ್ಯಾಯ, ಒಂದೇ ಕೂಟದಲ್ಲಿ ಆಗುವುದಿಲ್ಲ. ಹಲವು ವಾರ ಹಿಡಿಯಿತು. ಅದರಲ್ಲಿ ಫಿಲಿಪ್ಪಿ ಸಭೆ ಹುಟ್ಟಿದ್ದನ್ನು ಕೇಳಿದೆವು: ನದಿಯ ಬಳಿ ಪ್ರಾರ್ಥನೆಗೆ ಕೂಡಿದ ಹೆಂಗಸರು, ಧೂಮ್ರವರ್ಣದ ವಸ್ತ್ರ ಮಾರುವ ಲುದ್ಯ, ಸೆರೆಮನೆಯ ಯಜಮಾನ ಮತ್ತು ಅವನ ಮನೆಯವರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಮಕೆದೋನ್ಯದ ಸಭೆಗಳು ಕಡು ಬಡತನದಲ್ಲೇ ಕೊಟ್ಟವು ಎಂದಿದೆ. ಅಂದರೆ ಫಿಲಿಪ್ಪಿಯವರು ಹಣ ಮಿಕ್ಕಿ ಕೊಟ್ಟವರಲ್ಲ. ಈ ತುಂಡುಗಳೆಲ್ಲ ಒಂದಕ್ಕೊಂದು ಸೇರಿಕೊಂಡಾಗ ಕೂಟದಲ್ಲಿ ಒಂದು ಪ್ರಶ್ನೆ ತಾನಾಗಿಯೇ ಎದ್ದಿತು. ನಾವು ಯಾರ ಫಿಲಿಪ್ಪಿ? ಯಾವ ಸೇವಕರು ನಮ್ಮನ್ನು ಹೀಗೆ ನೆನೆಸಿಕೊಳ್ಳುತ್ತಾರೆ?

ಎಲ್ಲರೂ ತಕ್ಷಣ ಒಪ್ಪಲಿಲ್ಲ. ನಾನು ತುಂಬಾ ಗೌರವಿಸುವ ಒಬ್ಬ ಹಿರಿಯರು, 'ನಮ್ಮ ಸಭೆಯಲ್ಲೇ ಕಷ್ಟದಲ್ಲಿ ಇರುವವರು ಇದ್ದಾರೆ. ಅವರನ್ನು ಬಿಟ್ಟು ದೂರಕ್ಕೆ ಕಳಿಸುವುದು ಸರಿಯೇ?' ಎಂದರು. ಅದು ನ್ಯಾಯವಾದ ಪ್ರಶ್ನೆ. ನಾವು ಅದಕ್ಕೂ ವಾಕ್ಯದಲ್ಲೇ ಹುಡುಕಿದೆವು. ಅಪೊಸ್ತಲರ ಕೃತ್ಯಗಳಲ್ಲಿ ಯೆರೂಸಲೇಮಿನ ಸಭೆ ವಿಧವೆಯರ ದಿನದಿನದ ಹಂಚಿಕೆಗೆ ಏಳು ಮಂದಿಯನ್ನು ನೇಮಿಸಿತು. ಅಂತಿಯೋಕ್ಯದ ಸಭೆ ಬರಗಾಲದ ಹೊತ್ತಿಗೆ ಯೂದಾಯದವರಿಗೆ ಹಣ ಕಳಿಸಿತು. ಅದೇ ಅಂತಿಯೋಕ್ಯ ಬಾರ್ನಬನನ್ನೂ ಸೌಲನನ್ನೂ (ಇವನೇ ಪೌಲ) ಸುವಾರ್ತೆಗೆ ಕಳಿಸಿತು. ಒಂದನ್ನು ಬಿಟ್ಟು ಇನ್ನೊಂದು ಎಂದು ಅವರು ಮಾಡಲಿಲ್ಲ. ಹಾಗಾಗಿ ಸಭೆಯೊಳಗಿನ ನೆರವಿನ ನಿಧಿಯನ್ನು ಮುಟ್ಟುವುದಿಲ್ಲ, ಮಿಷನ್ ಕೆಲಸಕ್ಕೆ ಬೇರೆಯೇ ಪಾಲು ಇಡುತ್ತೇವೆ ಎಂದು ಬರೆದುಕೊಂಡೆವು. ಅದೇ ಹಿರಿಯರು ಇವತ್ತು ನಮ್ಮ ಲೆಕ್ಕ ನೋಡುವವರಲ್ಲಿ ಒಬ್ಬರು.

ಇನ್ನು ಕೆಲಸದ ವಿವರಕ್ಕೆ ಬರುತ್ತೇನೆ.

ಹಲವರಿಗೆ ಸ್ವಲ್ಪ ಸ್ವಲ್ಪ ಕೊಡುವ ಬದಲು ಕೆಲವರಿಗೆ ನಿಜವಾಗಿ ಆಸರೆಯಾಗುವಷ್ಟು ಕೊಡುವುದು ಎಂದು ತೀರ್ಮಾನಿಸಿದೆವು. ಒಬ್ಬ ಮಿಷನರಿ ಹತ್ತಾರು ಸಭೆಗಳಿಂದ ಚೂರುಚೂರು ನೆರವು ಪಡೆದರೆ ಅವರ ಅರ್ಧ ಆಯುಷ್ಯ ಪತ್ರ ಬರೆಯುವುದರಲ್ಲೇ, ಊರೂರು ತಿರುಗುವುದರಲ್ಲೇ ಕಳೆಯುತ್ತದೆ. ಆಯ್ಕೆಗೆ ಮೊದಲು ನಾವು ಕೇಳುವ ಪ್ರಶ್ನೆಗಳು ನೇರ. ನೀವು ಯಾರಿಗೆ ಉತ್ತರ ಕೊಡಬೇಕು? ನಿಮ್ಮ ಲೆಕ್ಕವನ್ನು ಹೊರಗಿನವರು ಯಾರು ನೋಡುತ್ತಾರೆ? ಅಲ್ಲಿಯ ವಿಶ್ವಾಸಿಗಳು ನಿಮ್ಮ ಕೆಲಸದ ಬಗ್ಗೆ ಏನು ಹೇಳುತ್ತಾರೆ? ಮಕ್ಕಳ ಮಧ್ಯೆ ಕೆಲಸ ಮಾಡುವುದಾದರೆ ಅವರ ಸುರಕ್ಷತೆಗೆ ಏನು ನಿಯಮ ಇದೆ? ಒಳ್ಳೆಯ ಸೇವಕರು ಈ ಪ್ರಶ್ನೆಗಳಿಗೆ ಬೇಸರ ಪಟ್ಟುಕೊಳ್ಳುವುದಿಲ್ಲ. ಕೇಳಿದ್ದಕ್ಕೆ ಸಂತೋಷಪಡುತ್ತಾರೆ.

ಹಣ ಎತ್ತುವುದಕ್ಕೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯವನ್ನೇ ಹಿಡಿದೆವು. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮಗೆ ಆದಷ್ಟು ತೆಗೆದಿಡಲಿ, ನಾನು ಬಂದಾಗ ಹಣ ಕೂಡಿಸುವುದು ಬೇಡ ಎನ್ನುತ್ತಾನೆ ಪೌಲ. ಅದು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹೇಳಿದ ಮಾತು, ಆದರೆ ಕ್ರಮ ನಮಗೂ ಹೊಂದಿತು. ಮನಸ್ಸು ಕರಗಿಸಿ ಒಂದು ದಿನ ಎತ್ತುವುದನ್ನು ನಿಲ್ಲಿಸಿದೆವು. ಕುಟುಂಬಗಳು ತಿಂಗಳಿಗೆ ತಾವು ಕೊಡಬಹುದಾದದ್ದನ್ನು ಪ್ರಾರ್ಥನೆ ಮಾಡಿ ಗೊತ್ತುಮಾಡಿಕೊಂಡವು. ಯಾರು ಎಷ್ಟು ಎಂದು ಖಜಾಂಚಿಯ ಹೊರತು ಯಾರಿಗೂ ತಿಳಿಯುವುದಿಲ್ಲ. ಮೊತ್ತ ಹಬ್ಬದ ದಿನದ ಹಾಗೆ ಉಬ್ಬಲಿಲ್ಲ. ಆದರೆ ಪ್ರತಿ ತಿಂಗಳೂ ಬಂತು. ದೂರದಲ್ಲಿ ಮನೆ ಬಾಡಿಗೆ ಕಟ್ಟಬೇಕಾದ ಕುಟುಂಬಕ್ಕೆ ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ಇದು ಜಾಸ್ತಿ ಉಪಯೋಗ. ಒಂದು ಪಾಲನ್ನು ತುರ್ತಿಗೆ ಬೇರೆ ಇಟ್ಟಿದ್ದೇವೆ. ಮಿಷನರಿಗಳಿಗೂ ಕಾಯಿಲೆ ಬರುತ್ತದೆ, ತಂದೆತಾಯಿ ತೀರಿಕೊಳ್ಳುತ್ತಾರೆ, ಹಠಾತ್ತಾಗಿ ಪ್ರಯಾಣ ಮಾಡಬೇಕಾಗುತ್ತದೆ.

ಲೆಕ್ಕದ ವಿಷಯದಲ್ಲಿ ನಾನು ಹಟಮಾರಿ. ಪೌಲನು ಯೆರೂಸಲೇಮಿನವರ ಆ ಕಾಣಿಕೆಯನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಅವನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಸಹೋದರನೂ ಹೋದನು. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣವನ್ನೂ ಬರೆದಿದ್ದಾನೆ. ಆದ್ದರಿಂದ ಕಾಣಿಕೆ ಎಣಿಸಲು ಯಾವಾಗಲೂ ಇಬ್ಬರು, ಒಂದೇ ಮನೆಯವರಲ್ಲ. ಬಂದದ್ದು, ಹೋದದ್ದು ತಿಂಗಳಿಗೊಮ್ಮೆ ಫಲಕದಲ್ಲಿ. ಹೊರಗಿನ ಲೆಕ್ಕಪರಿಶೋಧನೆ ವರ್ಷಕ್ಕೊಮ್ಮೆ.

ನನ್ನ ಮಟ್ಟಿಗೆ ಹಣಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಪತ್ರಗಳು. ಒಂದೊಂದು ಪ್ರಾರ್ಥನೆ ಗುಂಪು ಒಂದೊಂದು ಮಿಷನರಿ ಕುಟುಂಬದ ಹೊಣೆ ಹೊತ್ತಿತು. ಅವರಿಗೆ ನಾವೇ ಮೊದಲು ಬರೆಯುತ್ತೇವೆ. ನಮ್ಮಲ್ಲಿ ಯಾರಿಗೆ ಮದುವೆಯಾಯಿತು, ಯಾರು ತೀರಿಕೊಂಡರು, ಈ ತಿಂಗಳು ಯಾವ ಪುಸ್ತಕ ಓದುತ್ತಿದ್ದೇವೆ ಎಂದು. ಅವರಿಂದ ಬರುವ ಪತ್ರವನ್ನು ಭಾನುವಾರ ವಾಕ್ಯ ಓದಿದ ಮೇಲೆ ಗಟ್ಟಿಯಾಗಿ ಓದುತ್ತೇವೆ. ಗೆಲುವಿನ ಸುದ್ದಿಯೇ ಬೇಕು ಎಂದು ನಾವು ಕೇಳುವುದಿಲ್ಲ. ಎಪಫ್ರೊದೀತನಿಗೆ ಕಾಯಿಲೆಯಾಗಿ ಸಾಯುವ ಸ್ಥಿತಿಗೆ ಬಂದಿದ್ದನು ಎಂದು ಪೌಲನು ಮುಚ್ಚಿಡದೆ ಬರೆದನು ಅಲ್ವಾ? ಹಾಗೆಯೇ ಬರೆಯಿರಿ ಎಂದು ಹೇಳಿದೆವು. ಆಮೇಲೆ ಬಂದ ಪತ್ರಗಳ ಧಾಟಿಯೇ ಬೇರೆ. ಒಬ್ಬ ಸಹೋದರಿ ತನಗೆ ನಿದ್ದೆ ಬರುತ್ತಿಲ್ಲ, ಪ್ರಾರ್ಥನೆ ಮಾಡಲು ಆಗುತ್ತಿಲ್ಲ ಎಂದು ಬರೆದಳು. ಆ ವಾರ ಅವಳಿಗಾಗಿ ಪ್ರಾರ್ಥಿಸಿದ ಹಾಗೆ ನಮ್ಮ ಸಭೆ ಹಿಂದೆ ಯಾರಿಗಾಗಿಯೂ ಪ್ರಾರ್ಥಿಸಿದ್ದನ್ನು ನಾನು ನೋಡಿಲ್ಲ. ಪತ್ರವನ್ನು ಸಭೆಗೆ ಓದಬಹುದೇ ಎಂದು ಅವಳನ್ನು ಮೊದಲೇ ಕೇಳಿದ್ದೆವು. ಇದು ಮುಖ್ಯ. ಕೆಲವು ಕಡೆ ಸೇವಕರ ಹೆಸರು, ಜಾಗ, ಫೋಟೊ ಹೊರಗೆ ಬಂದರೆ ಅವರಿಗೂ ಅಲ್ಲಿನ ವಿಶ್ವಾಸಿಗಳಿಗೂ ಅಪಾಯ. ಅವರ ಅಪ್ಪಣೆ ಇಲ್ಲದೆ ನಾವು ಏನನ್ನೂ ಹಂಚುವುದಿಲ್ಲ.

ನಾವು ಬೆಂಬಲಿಸುವವರಲ್ಲಿ ಒಬ್ಬರು ಸತ್ಯವೇದ ಅನುವಾದದ ಕೆಲಸದಲ್ಲಿದ್ದಾರೆ. ಜಗತ್ತಿನಲ್ಲಿ 7,000ದಷ್ಟು ಭಾಷೆಗಳಿವೆ. ಪೂರ್ತಿ ಸತ್ಯವೇದ ಇರುವುದು 700ಕ್ಕೂ ಸ್ವಲ್ಪ ಹೆಚ್ಚು ಭಾಷೆಗಳಲ್ಲಿ. ಅವರ ಕೆಲಸ ಎಷ್ಟು ನಿಧಾನ ಎನ್ನುವುದು ಪತ್ರಗಳಿಂದ ತಿಳಿಯಿತು. ಮೊದಲು ಒಂದು ಕರಡು. ಅದನ್ನು ಆ ಭಾಷೆಯ ಜನರಿಗೆ ಓದಿ, ಏನು ಅರ್ಥವಾಯಿತು ಎಂದು ಕೇಳುವುದು. ತಿದ್ದುವುದು. ಕರಡು ನೋಡಿರದ ಒಬ್ಬರಿಂದ ಅದನ್ನು ಮತ್ತೆ ಬೇರೆ ಭಾಷೆಗೆ ಹೇಳಿಸಿ, ಅರ್ಥ ಕೆಟ್ಟಿದೆಯೇ ಎಂದು ಮೂಲಭಾಷೆ ಬಲ್ಲವರು ಪರೀಕ್ಷಿಸುವುದು. ಮತ್ತೆ ತಿದ್ದುವುದು. ಒಂದು ಸುವಾರ್ತೆ ಪುಸ್ತಕಕ್ಕೆ ವರ್ಷಗಳೇ ಹಿಡಿಯುತ್ತವೆ. ಇದನ್ನು ಕೇಳಿದ ಮೇಲೆ ನಮ್ಮ ಯೌವನಸ್ಥರು ತಮ್ಮ ಕೈಯಲ್ಲಿರುವ ಸತ್ಯವೇದವನ್ನು ಹಿಡಿಯುವ ರೀತಿಯೇ ಬದಲಾಯಿತು ಎಂದರೆ ಹೆಚ್ಚಾಗಲಿಕ್ಕಿಲ್ಲ.

'ಇಷ್ಟು ವರ್ಷವಾಯಿತು, ಫಲ ಎಲ್ಲಿ?' ಎನ್ನುವ ಮಾತು ಆಗಾಗ ಬರುತ್ತದೆ. ಆಗ ನಾನು ವಿಲಿಯಂ ಕೇರಿಯನ್ನು ನೆನಪಿಸುತ್ತೇನೆ. 1792ರಲ್ಲಿ ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಅವರ ಮಿಷನ್ ಸಂಘ ಶುರುವಾದಾಗ ಕೂಡಿದ ವಾಗ್ದಾನದ ಮೊತ್ತ 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಮರುವರ್ಷ ಕೇರಿ ಬಂಗಾಳಕ್ಕೆ ಹೋದರು. ಅಲ್ಲಿ ಮೊದಲ ಹಿಂದೂ ವಿಶ್ವಾಸಿ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ. ಆ ಏಳು ವರ್ಷ ಕಳಿಸಿದವರು ಕೈಬಿಡಲಿಲ್ಲ.

ರಜೆಗೆ ಬರುವ ಮಿಷನರಿಗಳನ್ನು ಈಗ ಸಭೆಯಿಂದ ಸಭೆಗೆ ಓಡಾಡಿಸುವುದಿಲ್ಲ. ಪೌಲನೂ ಬಾರ್ನಬನೂ ಅಂತಿಯೋಕ್ಯಕ್ಕೆ ಹಿಂತಿರುಗಿ, ಸಭೆಯನ್ನು ಕೂಡಿಸಿ ದೇವರು ಮಾಡಿದ್ದನ್ನೆಲ್ಲ ತಿಳಿಸಿ, ಶಿಷ್ಯರ ಜೊತೆ ಬಹಳ ಕಾಲ ಇದ್ದರು ಎಂದಿದೆ. ಆ 'ಬಹಳ ಕಾಲ ಇದ್ದರು' ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಂಡೆವು. ಮೊದಲು ವಿಶ್ರಾಂತಿ, ವೈದ್ಯರ ತಪಾಸಣೆ, ಮನೆಯವರ ಜೊತೆ ಸಮಯ. ಆಮೇಲೆ ಒಂದು ಸಂಜೆ ಸಭೆಯ ಮುಂದೆ ವರದಿ.

ಈಚೆಗೆ ನೆಹೆಮೀಯನ ಪುಸ್ತಕ ಓದಿದೆವು. ಎಂಟನೇ ಅಧ್ಯಾಯದಲ್ಲಿ ಎಜ್ರನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುತ್ತಾನೆ, ಜನ ನಿಂತು ಕೇಳಿ ಅಳುತ್ತಾರೆ. ಅಳಬೇಡಿ, ಹೋಗಿ ಊಟ ಮಾಡಿ, ಏನೂ ಇಲ್ಲದವರಿಗೆ ಪಾಲು ಕಳಿಸಿ ಎಂದು ಅವರಿಗೆ ಹೇಳಲಾಗುತ್ತದೆ. ವಾಕ್ಯ ಅರ್ಥವಾದ ದಿನವೇ ಪಾಲು ಕಳಿಸಿದರು. ಅದನ್ನು ಕೇಳಿ ನಮ್ಮ ಗುಂಪಿನ ಒಬ್ಬರು, ವಯಸ್ಸಾದ ಮಿಷನರಿಗಳ ಗತಿ ಏನು ಎಂದು ಕೇಳಿದರು. ನಾವು ಬೆಂಬಲಿಸುವ ಒಬ್ಬ ದಂಪತಿ ಇನ್ನು ಸ್ವಲ್ಪ ಕಾಲದಲ್ಲಿ ಸೇವೆಯಿಂದ ನಿವೃತ್ತರಾಗುತ್ತಾರೆ. ಅವರಿಗೆ ಸ್ವಂತ ಮನೆಯಿಲ್ಲ, ಪಿಂಚಣಿಯೂ ಇಲ್ಲ. ಸೇವೆ ನಿಂತಾಗ ನಮ್ಮ ನೆರವೂ ನಿಲ್ಲಬೇಕೇ? ನಿಲ್ಲಬಾರದು ಎಂದೇ ನನ್ನ ಅಭಿಪ್ರಾಯ. ಮುಂದಿನ ಸಮಿತಿ ಸಭೆಯಲ್ಲಿ ಅದಕ್ಕೆ ಬೇಕಾದ ಪಾಲನ್ನು ಈಗಿನಿಂದಲೇ ತೆಗೆದಿಡುವ ಬಗ್ಗೆ ಮಾತಾಡುತ್ತೇವೆ.