ಎದೆ ಕಟ್ಟಿದಾಗ, ಬೆನ್ನು ನೊಂದಾಗ

ಹಾಲುಣಿಸುವ ತಾಯಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಇದನ್ನು ತಿನ್ನು, ಅದನ್ನು ಹಚ್ಚು, ಆ ಬೇರು ಕುದಿಸಿ ಕುಡಿ. ಎರಡು ಮಕ್ಕಳಿಗೆ ಹಾಲೂಡಿದ ಮೇಲೆ ನನಗನ್ನಿಸಿದ್ದು ಬೇರೆ. ಈ ದಿನಗಳಲ್ಲಿ ಮೈಗೆ ಹೊಸದಾಗಿ ಸೇರಿಸಬೇಕಾದ್ದು ಬಹಳ ಕಡಿಮೆ. ನೋವಿಲ್ಲದೆ ಕೂರಲು, ಹೊಟ್ಟೆ ತುಂಬ ಉಣ್ಣಲು, ಸಿಕ್ಕಷ್ಟು ಮಲಗಲು ಏನೇನು ಅಡ್ಡ ಬರುತ್ತದೋ ಅದನ್ನು ಪಕ್ಕಕ್ಕೆ ಸರಿಸಿಕೊಂಡರೆ ಅರ್ಧ ಆರೈಕೆ ಆದಂತೆಯೇ.

ನಾನು ಮೊದಲು ಸರಿಮಾಡಿಕೊಂಡದ್ದು ಕೂರುವ ರೀತಿ. ಹೊಸ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಷ್ಟು ಸಲವೂ ಬೆನ್ನು ಬಾಗಿಸಿ ಎದೆಯನ್ನು ಮಗುವಿನ ಬಾಯಿಗೆ ಇಡಲು ಹೋದರೆ ಕತ್ತು, ಭುಜ, ಮಣಿಕಟ್ಟು ಎಲ್ಲವೂ ಸೋಲುತ್ತವೆ. ಬಾಗಬೇಕಾದವರು ನಾವಲ್ಲ, ಮಗುವನ್ನೇ ಎದೆಯ ಎತ್ತರಕ್ಕೆ ತಂದುಕೊಳ್ಳಬೇಕು. ಸೊಂಟಕ್ಕೊಂದು ದಿಂಬು, ಮಗುವನ್ನು ಹಿಡಿದ ತೋಳಿನ ಕೆಳಗೊಂದು ದಿಂಬು, ಕಾಲಿಗೆ ತಗ್ಗಾದ ಮಣೆ. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗಿರಬೇಕು, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು, ಮೂಗು ತೊಟ್ಟಿನ ಎದುರಿಗಿರಬೇಕು. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿದರೆ ಮಗು ಬಾಯಿ ಅಗಲಿಸುತ್ತದೆ. ಆ ಗಳಿಗೆಯಲ್ಲೇ, ಗಲ್ಲ ಮೊದಲು ಎದೆಗೆ ತಾಗುವಂತೆ ಹತ್ತಿರ ಎಳೆದುಕೊಳ್ಳುವುದು. ಬರೀ ತೊಟ್ಟು ಸಾಲದು, ಸುತ್ತಲಿನ ಕಪ್ಪು ಭಾಗವೂ, ಮುಖ್ಯವಾಗಿ ಅದರ ಕೆಳಬದಿ, ಬಾಯೊಳಗೆ ಹೋಗಬೇಕು.

ಸರಿಯಾಗಿ ಹಿಡಿದಿತ್ತೋ ಇಲ್ಲವೋ ಎಂದು ಹಾಲು ಕುಡಿದು ಮುಗಿದ ಮೇಲೆ ತೊಟ್ಟೇ ಹೇಳುತ್ತದೆ. ದುಂಡಗೆ ಹೊರಬಂದರೆ ಸರಿ. ಹೊಸ ಲಿಪ್‌ಸ್ಟಿಕ್ಕಿನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ತೊಟ್ಟನ್ನಷ್ಟೇ ಕಚ್ಚಿ ಚೀಪಿದೆ ಎಂದರ್ಥ. ಹಾಗೆ ಹಿಡಿದಿದೆ ಅನ್ನಿಸಿದರೆ ಸಹಿಸಿಕೊಂಡು ಕೂರದೆ, ಬಾಯಂಚಿನಿಂದ ಕಿರುಬೆರಳು ತೂರಿಸಿ ಹಿಡಿತ ಬಿಡಿಸಿ ಮತ್ತೆ ಹಿಡಿಸುತ್ತಿದ್ದೆ. "ಮೊದಮೊದಲು ನೋಯುತ್ತೆ, ಅಭ್ಯಾಸ ಆಗುತ್ತೆ" ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಶುರುವಿನ ಸ್ವಲ್ಪ ಹೊತ್ತಿನ ಚುರುಕು ಬೇರೆ, ಕುಡಿದು ಮುಗಿಸುವವರೆಗೂ ಹಲ್ಲು ಕಚ್ಚಿಕೊಳ್ಳುವಂಥ ನೋವು ಬೇರೆ. ಎಷ್ಟು ಮಾಡಿದರೂ ನೋವು ಹೋಗದಿದ್ದರೆ ಹಾಲುಣಿಸುವ ವಿಷಯ ಬಲ್ಲ ನರ್ಸ್ ಅಥವಾ ಸಲಹೆಗಾರರ ಎದುರಿಗೇ ಹಾಲುಣಿಸಿ ತೋರಿಸಿ. ಬಾಯಲ್ಲಿ ಕೇಳಿ ಕಲಿಯುವಂಥದ್ದಲ್ಲ ಇದು.

ಬಿರಿದ ತೊಟ್ಟಿಗೆ ನಾನು ಹಚ್ಚಿದ್ದು ನನ್ನದೇ ನಾಲ್ಕು ಹನಿ ಹಾಲು, ಗಾಳಿಗೆ ಆರಲು ಬಿಟ್ಟು. ಜಾಸ್ತಿ ಒಡೆದಿದ್ದಾಗ ಶುದ್ಧ ಲ್ಯಾನೋಲಿನ್ ಮುಲಾಮು. ಸೋಪು ಮುಟ್ಟಿಸಲಿಲ್ಲ. ತೊಟ್ಟಿನ ಸುತ್ತ ಕಾಣುವ ಸಣ್ಣ ಗುಳ್ಳೆಗಳು ತಾವೇ ಎಣ್ಣೆಯಂಶ ಒಸರಿಸಿ ಆ ಚರ್ಮವನ್ನು ಕಾಯುತ್ತವೆ, ಸೋಪು ಅದನ್ನು ತೊಳೆದುಹಾಕುತ್ತದೆ. ಜೇನು ಮಾತ್ರ ಖಂಡಿತ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಕರ್ಪೂರ ಬೆರೆತ ಮುಲಾಮುಗಳೂ ಘಾಟಿನ ಎಣ್ಣೆಗಳೂ ಮಗುವಿನ ಬಾಯಿಗೆ ಹೋಗುವ ಜಾಗಕ್ಕೆ ಹೇಳಿಸಿದವಲ್ಲ. ನೈಸರ್ಗಿಕ ಎಂದಾಕ್ಷಣ ನಿರಪಾಯ ಅಲ್ಲ.

ಇನ್ನು ಎದೆ ಕಟ್ಟುವುದು. ಹೆರಿಗೆಯಾಗಿ ಮೂರು-ನಾಲ್ಕು ದಿನಕ್ಕೆ ಹಾಲು ತುಂಬಿ ಬರುತ್ತದಲ್ಲ, ಎರಡನೆಯ ಸಲ ಆ ರಾತ್ರಿ ನನ್ನ ಎದೆ ಕಲ್ಲಾಗಿತ್ತು. ಕಪ್ಪು ಭಾಗವೂ ಬಿಗಿದು ಮಗುವಿನ ಬಾಯಿ ಜಾರುತ್ತಿತ್ತು. ಅದು ಅಳುತ್ತಿತ್ತು, ನಾನೂ. ಆಗ ನೆರವಿಗೆ ಬಂದದ್ದು ಒಂದು ಸರಳ ಉಪಾಯ. ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು, ಪಕ್ಕೆಲುಬಿನ ಕಡೆಗೆ ಮೆಲ್ಲಗೆ, ಆದರೆ ಬಿಡದೆ ಒಂದು ನಿಮಿಷ ಒತ್ತಿ ಹಿಡಿಯುವುದು. ಅಲ್ಲಿ ಸೇರಿದ ನೀರಿನಂಶ ಹಿಂದಕ್ಕೆ ಸರಿದು ಜಾಗ ಮೆತ್ತಗಾಗುತ್ತದೆ, ಮಗುವಿಗೆ ಹಿಡಿತ ಸಿಗುತ್ತದೆ.

ಎದೆ ಕಟ್ಟಿದರೆ ಬಿಸಿ ಶಾಖ ಕೊಟ್ಟು ಚೆನ್ನಾಗಿ ತಿಕ್ಕಿ ಗಂಟು ಒಡೆಸಬೇಕು ಎನ್ನುವುದು ಬಹಳ ಹಳೆಯ ನಂಬಿಕೆ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿ ಇದಕ್ಕೆ ವಿರುದ್ಧವಾಗಿ ಹೇಳುತ್ತದೆ. ಗಂಟು ಅನ್ನಿಸುವುದು ಬಹುಪಾಲು ಊತ, ಗಟ್ಟಿಯಾಗಿ ಉಜ್ಜಿದರೆ ಒಳಗೆ ಗಾಯವಾಗಿ ಊತ ಏರುತ್ತದೆ. ನಾನು ಮಾಡಿದ್ದೂ ಅದರಂತೆಯೇ. ಹಾಲೂಡಿದ ಮೇಲೆ ತೆಳುಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟೆ, ಚರ್ಮ ಅಲುಗುವಷ್ಟೇ ಹಗುರಾಗಿ ಕಂಕುಳಿನ ಕಡೆಗೆ ಸವರಿದೆ, ಮಗು ಕೇಳಿದಾಗ ಎಂದಿನಂತೆ ಹಾಲು ಕೊಟ್ಟೆ. ತಡೆಯಲಾರದಷ್ಟು ಬಿಗಿದಾಗ ಹಾಯೆನಿಸುವಷ್ಟನ್ನು ಮಾತ್ರ ಕೈಯಲ್ಲಿ ಹಿಂಡಿ ತೆಗೆದೆ. ಪೂರ್ತಿ ಖಾಲಿ ಮಾಡುತ್ತ ಹೋದರೆ ಮೈ ಅದನ್ನು ಬೇಡಿಕೆ ಎಂದುಕೊಂಡು ಇನ್ನಷ್ಟು ಹಾಲು ತಯಾರಿಸುತ್ತದೆ. ಎದೆ ಕೆಂಪಾಗಿ ಜ್ವರ, ಚಳಿ ಬಂದು ಒಂದು ದಿನದೊಳಗೆ ಇಳಿಯದಿದ್ದರೆ ಮನೆಮದ್ದು ಸಾಕು ಮಾಡಿ ವೈದ್ಯರ ಹತ್ತಿರ ಹೋಗಬೇಕು.

ಊಟದ ವಿಷಯ ಜನ ಮಾಡುವಷ್ಟು ಜಟಿಲವಲ್ಲ. ಬರೀ ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ ಸುಮಾರು 750 ಮಿಲಿ ಲೀಟರ್ ಹಾಲು ಬೇಕು. ಅದಕ್ಕಾಗಿ ತಾಯಿಗೆ ಸುಮಾರು 500 ಕಿಲೋ ಕ್ಯಾಲರಿ ಹೆಚ್ಚಿಗೆ ಬೇಕಾಗುತ್ತದೆ, ಅಂದರೆ ಒಂದು ಸಣ್ಣ ಊಟದಷ್ಟು. ತೂಕ ಇಳಿಸುವ ಆತುರವನ್ನು ನಾನು ಮುಂದಕ್ಕೆ ಹಾಕಿದೆ. ಹಾಲು ಇಳಿಯುವಾಗ ಗಂಟಲು ಒಣಗುವುದು ಸಹಜ, ಹಾಗಾಗಿ ಕೂರುವ ಜಾಗದಲ್ಲಿ ಯಾವಾಗಲೂ ನೀರಿನ ಲೋಟ ಇರುತ್ತಿತ್ತು. ಬಾಯಾರಿಕೆಗೆ ಮೀರಿ ನೀರು ಕುಡಿದರೆ ಹಾಲೇನೂ ಹೆಚ್ಚುವುದಿಲ್ಲ. ಹೆಚ್ಚಿಸುವುದು ಮಗು ಮತ್ತೆ ಮತ್ತೆ ಚೀಪುವುದು. ಮೆಂತ್ಯದಂಥವು ಹಾಲು ಹೆಚ್ಚಿಸುತ್ತವೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಸಕ್ಕರೆ ಕಾಯಿಲೆಗೋ ರಕ್ತ ತೆಳುವಾಗಲೋ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಔಷಧಿಯಂತೆ ಸೇವಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಕಾಫಿ ನಾನು ಬಿಡಲಿಲ್ಲ, ಕಡಿಮೆ ಮಾಡಿದೆ. ಹೊಸ ಕೂಸಿನ ಮೈಯಿಂದ ಕೆಫೀನ್ ಹೊರಹೋಗಲು ದಿನಗಟ್ಟಲೆ ಹಿಡಿಯುತ್ತದೆ.

ರಾತ್ರಿಯ ಹಾಲಿಗೆ ಪಕ್ಕಕ್ಕೆ ಮಲಗಿ ಕುಡಿಸುವುದನ್ನು ಕಲಿತ ಮೇಲೆ ನನ್ನ ಬೆನ್ನು ಬದುಕಿತು. ಆದರೆ ಸೋಫಾದಲ್ಲೋ ಆರಾಮಕುರ್ಚಿಯಲ್ಲೋ ಮಗುವನ್ನಿಟ್ಟುಕೊಂಡು ತೂಕಡಿಸುವುದು ಬಹಳ ಅಪಾಯ, ಅಂಥ ಕಡೆ ಉಸಿರುಗಟ್ಟಿ ಮಕ್ಕಳು ಸತ್ತದ್ದಿದೆ. ಕಣ್ಣು ಕೂರುತ್ತಿದ್ದರೆ ಮಗುವನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತಿದ್ದೆ. ತೇಗಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಮಲಗಿಸುವುದು ಮನೆಯ ಯಾರಿಂದಲೂ ಆಗುತ್ತದೆ. ಕೇಳದೆ ಅವರಾಗಿಯೇ ಮಾಡಲಿ ಎಂದು ಕಾಯಬಾರದು.

ಮನಸ್ಸಿನ ಮಾತೂ ಒಂದಿದೆ. ಹೆರಿಗೆಯಾದ ಹೊಸದರಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ತಗ್ಗುತ್ತದೆ. ತಗ್ಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಯಾವುದೂ ಬೇಡವೆನಿಸಿದರೆ ವೈದ್ಯರಿಗೆ ಹೇಳಿ. ತನಗೋ ಮಗುವಿಗೋ ಏನಾದರೂ ಮಾಡಿಕೊಂಡುಬಿಡುವ ಯೋಚನೆ ಬಂದರಂತೂ ಅಂದೇ ಹೇಳಬೇಕು. ಮಾತ್ರೆ ಕೊಟ್ಟರೆ ಹಾಲು ಬಿಡಿಸಬೇಕಾಗುತ್ತದೆ ಎಂಬ ಹೆದರಿಕೆಗೆ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. ಹಾಲೂಡುತ್ತಲೇ ತೆಗೆದುಕೊಳ್ಳಬಹುದಾದ ಖಿನ್ನತೆಯ ಔಷಧಿಗಳಿವೆ. ಹಾಲು ಕುಡಿಸುತ್ತಿದ್ದೇನೆ ಎಂದು ಮೊದಲೇ ತಿಳಿಸಿದರೆ ಅಂಥದ್ದನ್ನೇ ಆರಿಸಿ ಬರೆದುಕೊಡುತ್ತಾರೆ.